ಕಲ್ಯಾಣ ಮತ್ತು ವಿಟೆನ್‌ಬರ್ಗ್: ಸುಧಾರಕರ ಹೆಸರು ಹೊತ್ತ ಎರಡು ಊರುಗಳು

ನಮ್ಮ ಹಾಸನ ಜಿಲ್ಲೆಯ ಊರುಗಳ ಹೆಸರನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹಾಸನಕ್ಕೆ ಆ ಹೆಸರು ಹಾಸನಾಂಬೆಯಿಂದ ಬಂದಿತೆಂಬುದು ಜನರಲ್ಲಿ ರೂಢವಾಗಿರುವ ನಂಬಿಕೆ. ಅರಕಲಗೂಡು ಅರ್ಕೇಶ್ವರನ ಹೆಸರಿನೊಡನೆ ಬೆಸೆದುಕೊಂಡಿದೆ. ಹೇಮಾವತಿಯ ದಂಡೆಯ ನರಸೀಪುರ ನರಸಿಂಹನ ಹೆಸರಿನದು. ಹೊಳೆಯ ಬದಿಯಲ್ಲಿದ್ದುದರಿಂದ ಹೊಳೆನರಸೀಪುರವೆನಿಸಿತು. ಮೊದಲು ಕೊಳತೂರೆಂದು ಕರೆಸಿಕೊಳ್ಳುತ್ತಿದ್ದ ಇನ್ನೊಂದು ಊರು, ಹೊಳೆನರಸೀಪುರದ ನಾಯಕನ ಕೈಸೇರಿ ಅವನ ಮಗನಿಗೆ ಸಂದ ಮೇಲೆ, ಚೆನ್ನರಾಯಸ್ವಾಮಿಯ ಹೆಸರಿನಿಂದ ಚನ್ನರಾಯಪಟ್ಟಣವಾಯಿತು. ಹೀಗೆ ಊರುಗಳು ದೇವರ ಹೆಸರನ್ನೋ ದೇವರ ಹೆಸರಿಟ್ಟುಕೊಂಡ ಅರಸುಮಕ್ಕಳ ಹೆಸರನ್ನೋ ಪಡೆಯುವುದು ನಮ್ಮಲ್ಲಿ ವಾಡಿಕೆ. ಧರ್ಮವನ್ನು ತಿದ್ದಲು ಹೊರಟ ಮನುಷ್ಯನೊಬ್ಬನ ಹೆಸರನ್ನು ಊರೊಂದು ಹೊತ್ತುಕೊಳ್ಳುವುದು ಅಪರೂಪ. ಹಾಗೆ ಹೊತ್ತುಕೊಂಡ ಎರಡು ಊರುಗಳನ್ನು ಜೊತೆಯಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ. ಒಂದು ಬೀದರ ಜಿಲ್ಲೆಯ ಬಸವಕಲ್ಯಾಣ. ಇನ್ನೊಂದು ಜರ್ಮನಿಯ ಎಲ್ಬೆ ನದಿಯ ದಂಡೆಯ ಮೇಲಿರುವ ವಿಟೆನ್‌ಬರ್ಗ್. 'ಲೂಥರನ ಊರು' ಎಂಬ ಅರ್ಥದ ವಿಶೇಷಣ ಇಂದು ವಿಟೆನ್‌ಬರ್ಗಿನ ಅಧಿಕೃತ ಹೆಸರಿನಲ್ಲೇ ಸೇರಿದೆ.

ಬಸವಣ್ಣನವರನ್ನು 'ಕರ್ನಾಟಕದ ಲೂಥರ್' ಎಂದು ಬಣ್ಣಿಸುವ ರೂಢಿ ನಮ್ಮ ಭಾಷಣಗಳಲ್ಲಿಯೂ ಪಠ್ಯಗಳಲ್ಲಿಯೂ ಬಹುಕಾಲದಿಂದ ನಡೆದುಬಂದಿದೆ. ಪಶ್ಚಿಮದ ಓದುಗರಿಗೆ ಬಸವಣ್ಣನವರ ಹಿರಿಮೆಯನ್ನು ಪರಿಚಯಿಸಲು ಈ ಮಾತು ಒಂದು ಕಾಲಕ್ಕೆ ನೆರವಾಗಿರಬಹುದು. ಆದರೆ ಹನ್ನೆರಡನೆಯ ಶತಮಾನದವರನ್ನು ಹದಿನಾರನೆಯ ಶತಮಾನದವನ ಅಳತೆಗೋಲಿನಿಂದ ಅಳೆಯುವುದು ಕಾಲಕ್ರಮದ ದೃಷ್ಟಿಯಿಂದಲೇ ಅಡಿಮೇಲಾದ ಕ್ರಮ. ಹೋಲಿಕೆಯನ್ನು ಅಲಂಕಾರವಾಗಿ ಬಳಸಿ ಬಿಟ್ಟುಬಿಡುವುದಕ್ಕಿಂತ ಅದನ್ನು ಒಮ್ಮೆ ಕೊನೆಯವರೆಗೆ ಪರೀಕ್ಷಿಸುವುದು ಲೇಸು. ಆಗ ಹೋಲಿಕೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದು ತಿಳಿದೀತು. ವ್ಯಕ್ತಿಗಳಿಗಿಂತ ಅವರ ಊರುಗಳ ಕಥೆ ಈ ಪರೀಕ್ಷೆಗೆ ಹೆಚ್ಚು ತಕ್ಕುದು.

ಮೊದಲು ವಿಟೆನ್‌ಬರ್ಗಿನ ವೃತ್ತಾಂತ. ಸ್ಯಾಕ್ಸನಿಯ ಅರಸ ಫ್ರೆಡರಿಕ್ ೧೫೦೨ರಲ್ಲಿ ಅಲ್ಲೊಂದು ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ. ಸಣ್ಣ ಪಟ್ಟಣವಾಗಿದ್ದ ಆ ಊರಿಗೆ ಅದರಿಂದ ಹೆಸರು ಬಂದಿತು. ಅದೇ ಅರಸ ಅರಮನೆಯ ಚರ್ಚಿನಲ್ಲಿ ಸಂತರ ಮೂಳೆ, ಬಟ್ಟೆ, ಕಟ್ಟಿಗೆಯ ತುಣುಕು ಮೊದಲಾದ ಪವಿತ್ರ ಅವಶೇಷಗಳನ್ನು ಕೂಡಿಹಾಕಿದ್ದ. ೧೫೨೦ರ ಹೊತ್ತಿಗೆ ಅವುಗಳ ಸಂಖ್ಯೆ ಹತ್ತೊಂಬತ್ತು ಸಾವಿರವನ್ನು ಮುಟ್ಟಿತ್ತು. ಅವುಗಳ ದರ್ಶನ ಮಾಡಿದವರಿಗೆ ಪಾಪದ ಶಿಕ್ಷೆಯಲ್ಲಿ ಇಷ್ಟು ವರ್ಷ ರಿಯಾಯಿತಿ ಎಂಬ ಲೆಕ್ಕವಿತ್ತು. ಆ ವಿಶ್ವವಿದ್ಯಾಲಯದಲ್ಲಿ ೧೫೧೨ರಲ್ಲಿ ಧರ್ಮಶಾಸ್ತ್ರದ ಡಾಕ್ಟರ್ ಪದವಿ ಪಡೆದು ಪಾಠ ಹೇಳುತ್ತಿದ್ದ ಸಂನ್ಯಾಸಿ ಮಾರ್ಟಿನ್ ಲೂಥರ್. ಹಣಕ್ಕೆ ಪಾಪಪರಿಹಾರದ ಪತ್ರಗಳನ್ನು ಮಾರುವ ಪದ್ಧತಿಯನ್ನು ಪ್ರಶ್ನಿಸಿ ಅವನು ೯೫ ವಾದಸೂತ್ರಗಳನ್ನು ರಚಿಸಿದ್ದು ೧೫೧೭ರ ಅಕ್ಟೋಬರಿನಲ್ಲಿ. ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೆ: ೧೫೨೦ರಲ್ಲಿ ಪೋಪನ ಆಜ್ಞಾಪತ್ರವನ್ನು ಸುಟ್ಟದ್ದು, ೧೫೨೧ರಲ್ಲಿ ವರ್ಮ್ಸ್ ಸಭೆಯಲ್ಲಿ ಚಕ್ರವರ್ತಿಯ ಎದುರು ತನ್ನ ಮಾತನ್ನು ಹಿಂತೆಗೆದುಕೊಳ್ಳಲು ಒಪ್ಪದೆ ನಿಂತದ್ದು, ೧೫೨೨ರಲ್ಲಿ ಹೊಸ ಒಡಂಬಡಿಕೆಯನ್ನೂ ೧೫೩೪ರಲ್ಲಿ ಇಡೀ ಬೈಬಲನ್ನೂ ಜನರ ಜರ್ಮನ್ ನುಡಿಯಲ್ಲಿ ಅಚ್ಚು ಹಾಕಿಸಿದ್ದು.

ಇಲ್ಲಿ ಗಮನಿಸಬೇಕಾದುದು ಈ ಎಲ್ಲದರ ಹಿಂದೆ ನಿಂತಿದ್ದ ಮೂರು ಆಧಾರಗಳನ್ನು: ಅರಸನ ರಕ್ಷಣೆ, ವಿಶ್ವವಿದ್ಯಾಲಯದ ಪೀಠ, ಅಚ್ಚಿನ ಯಂತ್ರ. ಲೂಥರನು ೧೫೪೬ರಲ್ಲಿ ತನ್ನ ಹುಟ್ಟೂರಾದ ಐಸ್ಲೆಬೆನ್ನಿನಲ್ಲಿ ತೀರಿಕೊಂಡಾಗ ಅವನ ದೇಹವನ್ನು ವಿಟೆನ್‌ಬರ್ಗಿಗೆ ತಂದು ಅದೇ ಅರಮನೆಯ ಚರ್ಚಿನಲ್ಲಿ ಸಮಾಧಿ ಮಾಡಿದರು. ಮರುವರ್ಷ ಚಕ್ರವರ್ತಿಯ ಸೈನ್ಯ ಊರನ್ನು ಹಿಡಿಯಿತಾದರೂ ಸಮಾಧಿ ಕೆಡಲಿಲ್ಲ. ಅಂದಿನಿಂದ ಇಂದಿನವರೆಗೆ ಊರಿನ ನೆನಪು ಕಡಿದುಹೋಗಿಲ್ಲ. ಅವನು ವಾಸವಾಗಿದ್ದ ಮನೆ, ಬೋಧಿಸಿದ ವೇದಿಕೆ, ಮಲಗಿರುವ ನೆಲ ಎಲ್ಲವೂ ಇವೆ. ೧೯೯೬ರಲ್ಲಿ ಅವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನೂ ಸೇರಿದವು. ಸಂತರ ಅವಶೇಷಗಳ ಪೂಜೆಯನ್ನು ಅಲ್ಲಗಳೆದವನ ಊರಿನಲ್ಲಿ ಅವನ ಮನೆಯೇ ಒಂದು ಯಾತ್ರಾಸ್ಥಳವಾದುದು ಕಾಲದ ವಿಚಿತ್ರ.

ಇನ್ನು ಕಲ್ಯಾಣ. ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಹನ್ನೊಂದನೆಯ ಶತಮಾನದ ನಡುವೆ, ಅದು ರಾಜಧಾನಿಯಾಯಿತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ಕಾಶ್ಮೀರದ ಬಿಲ್ಹಣ ಅಲ್ಲಿ ಆಸ್ಥಾನಕವಿಯಾಗಿದ್ದ. ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದ. ಮಂಗಳವಾಡದ ಕಳಚುರಿ ಮಾಂಡಲಿಕನಾಗಿದ್ದ ಬಿಜ್ಜಳ ಚಾಲುಕ್ಯರ ಸಿಂಹಾಸನವನ್ನು ವಶಪಡಿಸಿಕೊಂಡು ೧೧೬೨ರ ಸುಮಾರಿಗೆ ಸ್ವತಂತ್ರನಾದ. ೧೧೬೭ರಲ್ಲಿ ಅವನ ಮಗ ಸೋವಿದೇವ ಪಟ್ಟಕ್ಕೆ ಬಂದ. ಇಷ್ಟೇ ಕಿರಿದಾದ ಅವಧಿಯಲ್ಲಿ ಶರಣರ ಸಮೂಹ ಕೂಡಿತು, ಬೆಳಗಿತು, ಚದರಿತು. ಬಸವಣ್ಣನವರು ಕೂಡಲಸಂಗಮಕ್ಕೆ, ಚೆನ್ನಬಸವಣ್ಣನವರು ಉಳವಿಗೆ, ಅಕ್ಕನಾಗಮ್ಮನವರು ನಮ್ಮ ಪಕ್ಕದ ತರೀಕೆರೆಯ ಸೀಮೆಗೆ ತೆರಳಿದರೆಂದು ಪರಂಪರೆ ಹೇಳುತ್ತದೆ. ಊರು ಮಾತ್ರ ಸೇವುಣರು, ಬಹಮನಿಯರು, ಬೀದರ್ ಬಿಜಾಪುರಗಳ ಸುಲ್ತಾನರು, ಮೊಗಲರು, ನಿಜಾಮರು ಎಂದು ಕೈಯಿಂದ ಕೈಗೆ ಹೋಯಿತು. ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ತ್ರಿಪುರಾಂತಕ ಕೆರೆ ಎಂಬ ಹೆಸರುಗಳು ಜನರ ನಾಲಗೆಯಲ್ಲಿ ಉಳಿದವು. ಊರಿಗೆ ಬಸವಣ್ಣನವರ ಹೆಸರು ಸೇರಿದ್ದು ಕರ್ನಾಟಕ ಏಕೀಕರಣದ ಕಾಲದಲ್ಲಿ, ಎಂದರೆ ಶರಣರು ಚದರಿದ ಸುಮಾರು ಎಂಟುನೂರು ವರ್ಷಗಳ ಮೇಲೆ.

ಎರಡು ಊರುಗಳ ಅಂತರ ಇಲ್ಲಿಯೇ ತೋರುತ್ತದೆ. ಒಂದು ಊರು ತನ್ನ ಸುಧಾರಕನನ್ನು ಕೈಬಿಡಲೇ ಇಲ್ಲ. ಇನ್ನೊಂದು ಊರು ಕಳೆದುಕೊಂಡು, ಶತಮಾನಗಳ ಮೇಲೆ ಮರಳಿ ಪಡೆಯಿತು. ಈ ಅಂತರಕ್ಕೆ ಕಾರಣ ಅಚ್ಚಿನ ಯಂತ್ರವೊಂದೇ ಅಲ್ಲ. ಲೂಥರನು ಪೋಪನನ್ನು ಎದುರಿಸಿದನಾದರೂ ಅರಸರನ್ನು ಎದುರಿಸಲಿಲ್ಲ. ೧೫೨೫ರಲ್ಲಿ ಜರ್ಮನಿಯ ರೈತರು ದಂಗೆಯೆದ್ದಾಗ ಅವನು ಕಟುವಾದ ಮಾತುಗಳಲ್ಲಿ ಒಡೆಯರ ಪಕ್ಷವನ್ನು ಹಿಡಿದ. ಸುಧಾರಣೆ ಉಳಿಯಿತು, ಆದರೆ ರೈತ ರೈತನಾಗಿಯೇ, ಒಡೆಯ ಒಡೆಯನಾಗಿಯೇ ಉಳಿದರು. ಕಲ್ಯಾಣದಲ್ಲಿ ನಡೆದುದು ಬೇರೆ. ಅಲ್ಲಿ ಕೂಡಿದವರು ವಿಶ್ವವಿದ್ಯಾಲಯದ ಪಂಡಿತರಲ್ಲ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ ಎಂದು ಕಾಯಕವನ್ನೇ ಹೆಸರಿನ ಭಾಗವಾಗಿಸಿಕೊಂಡವರು. ವಚನಗಳನ್ನು ರಚಿಸಿದ ಸ್ತ್ರೀಯರು ಮೂವತ್ತಕ್ಕೂ ಹೆಚ್ಚು. ವಿಟೆನ್‌ಬರ್ಗಿನ ವಿಶ್ವವಿದ್ಯಾಲಯದಲ್ಲಿ ಅಂದು ಹೆಣ್ಣಿಗೆ ಪ್ರವೇಶವೇ ಇರಲಿಲ್ಲವೆಂಬುದನ್ನು ನೆನೆದರೆ ಈ ಸಂಖ್ಯೆಯ ಬೆಲೆ ತಿಳಿಯುತ್ತದೆ. ದೇವರಿಗೂ ಮನುಷ್ಯನಿಗೂ ನಡುವಿನ ಮಧ್ಯವರ್ತಿಯನ್ನು ಇಬ್ಬರೂ ನಿರಾಕರಿಸಿದರು. ಮನುಷ್ಯನಿಗೂ ಮನುಷ್ಯನಿಗೂ ನಡುವಿನ ಅಂತರವನ್ನು ನಿರಾಕರಿಸಲು ಹೊರಟದ್ದು ಕಲ್ಯಾಣ. ಹೆಚ್ಚಿನದನ್ನು ಕೇಳಿದ ಊರು ಹೆಚ್ಚಿನ ಬೆಲೆಯನ್ನು ತೆತ್ತಿತು. 'ಕರ್ನಾಟಕದ ಲೂಥರ್' ಎಂಬ ಹೋಲಿಕೆ ಕುಸಿಯುವುದು ಇಲ್ಲಿ.

ಹಾಗಾದರೆ ಕಲ್ಯಾಣದ ನೆನಪನ್ನು ಉಳಿಸಿದವರಾರು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನಾವು ಬೀದರ ಜಿಲ್ಲೆಯಿಂದ ನಮ್ಮ ಹಾಸನ ಜಿಲ್ಲೆಗೇ ಬಂದು ನಿಲ್ಲುತ್ತೇವೆ. ಬಸವಣ್ಣನವರ ಚರಿತ್ರೆಯನ್ನು ಕನ್ನಡದಲ್ಲಿ ಮೊದಲು ಕಾವ್ಯವಾಗಿಸಿದ ಹರಿಹರನು ದೋರಸಮುದ್ರದ, ಎಂದರೆ ಇಂದಿನ ಹಳೇಬೀಡಿನ, ನರಸಿಂಹ ಬಲ್ಲಾಳನ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂಬುದು ಸಂಪ್ರದಾಯದ ಮಾತು. ಅದೇ ಹೊಯ್ಸಳ ಆಸ್ಥಾನದಲ್ಲಿ ಮಂತ್ರಿಯಾಗಿದ್ದ ಪದ್ಮರಸನು ಬೇಲೂರಿನಲ್ಲಿ ಕೆರೆ ಕಟ್ಟಿಸಿ 'ಕೆರೆಯ ಪದ್ಮರಸ'ನೆನಿಸಿದ, ದೀಕ್ಷಾಬೋಧೆಯನ್ನು ರಚಿಸಿದ. ಅವನ ವಂಶದ ಪದ್ಮಣಾಂಕ ಬರೆದ ಪದ್ಮರಾಜಪುರಾಣದಲ್ಲಿ ಈ ಪರಿಸರದ ಚಿತ್ರವಿದೆ. ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆಯನ್ನು ಷಟ್ಪದಿಯಲ್ಲಿ ಹಾಡಿದ. ಅವನ ಕೊನೆಯ ದಿನಗಳು ಬೇಲೂರಿನಲ್ಲಿ ಕಳೆದುವೆಂದು ಹೇಳಿಕೆ. ಕಲ್ಯಾಣವು ಅಳಿದ ಒಂದೆರಡು ತಲೆಮಾರಿನೊಳಗೆ ಶರಣರ ಕಥೆ ತುಂಗಭದ್ರೆಯನ್ನು ದಾಟಿ ಹೊಯ್ಸಳರ ನಾಡಿನಲ್ಲಿ ನೆಲೆ ಕಂಡಿತು. ಬೇಲೂರು ಹಳೇಬೀಡುಗಳೆಂದರೆ ಶಿಲ್ಪವೆಂದಷ್ಟೇ ತಿಳಿದಿರುವ ನಮ್ಮ ವಿದ್ಯಾರ್ಥಿಗಳು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಹರಿಹರನನ್ನು ಕುರಿತ ಐತಿಹ್ಯವೊಂದು ಪ್ರಸಿದ್ಧವಾಗಿದೆ. ದೋರಸಮುದ್ರದಲ್ಲಿ ಲೆಕ್ಕ ಬರೆಯುತ್ತ ಕುಳಿತಿದ್ದವನು ಇದ್ದಕ್ಕಿದ್ದಂತೆ ಕೈಗಳನ್ನು ಉಜ್ಜಿದನಂತೆ; ಕಾರಣ ಕೇಳಿದರೆ ಹಂಪೆಯ ವಿರೂಪಾಕ್ಷನ ಗುಡಿಯ ತೆರೆಗೆ ಬೆಂಕಿ ತಗುಲಿತು, ಅದನ್ನು ಆರಿಸಿದೆ ಎಂದನಂತೆ. ಪವಾಡವೆಂದು ನಂಬುವವರು ನಂಬಲಿ. ವಿಮರ್ಶಕನಿಗೆ ಈ ಕಥೆಯಲ್ಲಿ ಬೇರೊಂದು ಅರ್ಥ ತೋರುತ್ತದೆ. ಕೈ ಇರುವ ಊರು ಒಂದು, ಮನಸ್ಸಿರುವ ಊರು ಇನ್ನೊಂದು. ದೂರದ ಊರಿನ ಬೆಂಕಿಯನ್ನು ತನ್ನ ಅಂಗೈಯಲ್ಲಿ ಅನುಭವಿಸಬಲ್ಲವನೇ ಕವಿ. ಬಸವರಾಜದೇವರ ರಗಳೆಯಲ್ಲಿ ತರುಣ ಬಸವಣ್ಣನವರು ಕರಣಿಕರ ಲೆಕ್ಕದ ತಪ್ಪನ್ನು ಹಿಡಿದು ತಿದ್ದುವ ಸಂದರ್ಭ ಅಷ್ಟು ಜೀವಂತವಾಗಿರುವುದಕ್ಕೆ, ಕವಿಗೂ ಆ ಕಸುಬಿನ ಪರಿಚಯವಿದ್ದಿರಬಹುದೆಂಬುದು ಒಂದು ಕಾರಣವಾಗಿ ತೋರುತ್ತದೆ.

ಆದರೆ ಇಲ್ಲಿಯೇ ಭಕ್ತರಿಗೂ ಸಾಹಿತ್ಯದ ವಿದ್ಯಾರ್ಥಿಗಳಿಗೂ ಸಮಾನವಾಗಿ ಎದುರಾಗುವ ತೊಡಕೊಂದಿದೆ. ಹರಿಹರನ ರಗಳೆಯಲ್ಲಿ ಬಸವಣ್ಣನವರು ಕೂಡಲಸಂಗಮದಿಂದ ಹೊರಟು ಬಿಜ್ಜಳನ ಬಳಿಗೆ ಬರುವುದು ಕಲ್ಯಾಣಕ್ಕಲ್ಲ, ಮಂಗಳವಾಡಕ್ಕೆ. ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆಗೆ. ದೊರೆತಿರುವ ಭಾಗದಲ್ಲಿ ಅವರ ಕಾರ್ಯಕ್ಷೇತ್ರ ಅದೇ. ಕಲ್ಯಾಣವನ್ನು ರಂಗಸ್ಥಳವನ್ನಾಗಿ ಮಾಡುವುದು ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನನುಸರಿಸಿ ೧೩೬೯ರಲ್ಲಿ ಕನ್ನಡದಲ್ಲಿ ರಚಿತವಾದ ಭೀಮಕವಿಯ ಬಸವಪುರಾಣ. ಹರಿಹರನ ರಗಳೆಯ ಇಪ್ಪತ್ತೈದು ಸ್ಥಲಗಳಲ್ಲಿ ನಮಗೆ ದೊರೆತಿರುವುದು ಹದಿಮೂರು ಮಾತ್ರ. ಕಳೆದುಹೋದ ಭಾಗದಲ್ಲಿ ಕಲ್ಯಾಣವಿದ್ದಿತೆಂದು ವಾದಿಸಬಹುದು. ಬಿಜ್ಜಳ ಮಾಂಡಲಿಕನಾಗಿದ್ದಾಗ ಮಂಗಳವಾಡ, ಚಕ್ರವರ್ತಿಯಾದ ಮೇಲೆ ಕಲ್ಯಾಣ ಎಂದು ಹೊಂದಿಸುವ ವಿದ್ವಾಂಸರ ಸಮಾಧಾನ ಯುಕ್ತವಾಗಿಯೇ ಇದೆ. ಆದರೂ ಅತ್ಯಂತ ಹಳೆಯ ಕನ್ನಡ ಕಾವ್ಯವು ಹೇಳುವುದನ್ನು ಕೇಳಿಸಿಕೊಳ್ಳದೆ ಮುಂದೆ ಹೋಗುವುದು ಅಧ್ಯಯನವಾಗದು.

ಇಂತಹದೇ ಇನ್ನೊಂದು ಸಂದರ್ಭ ಹರಳಯ್ಯ ಮಧುವರಸರದು. ಕಲ್ಯಾಣವೆಂದೊಡನೆ ಇಂದು ನಮ್ಮ ಕಣ್ಣೆದುರು ನಿಲ್ಲುವುದು ಆ ಎರಡು ಮನೆಗಳ ನಡುವಣ ಮದುವೆ. ಸೋಮನಾಥನಲ್ಲಿ ಬಿಜ್ಜಳನು ಅವರಿಬ್ಬರ ಕಣ್ಣು ಕೀಳಿಸಿದ ಪ್ರಸಂಗವಿದೆ; ಅದಕ್ಕೆ ಕಾರಣವಾಗಿ ಮದುವೆಯ ಕಥೆ ಬೆಳೆಯುವುದು ಮುಂದಿನ ಶತಮಾನಗಳ ಕೃತಿಗಳಲ್ಲಿ. ಇಪ್ಪತ್ತನೆಯ ಶತಮಾನದ ನಾಟಕಗಳು, ಮುಖ್ಯವಾಗಿ ಗಿರೀಶ ಕಾರ್ನಾಡರ ತಲೆದಂಡ (೧೯೯೦), ಅದನ್ನೇ ಕೇಂದ್ರವಾಗಿಟ್ಟುಕೊಂಡವು. ಹಾಗಾದರೆ ಅದು ಕಟ್ಟುಕಥೆಯೇ? ಇಲ್ಲಿ ವಿಟೆನ್‌ಬರ್ಗಿನ ನಿದರ್ಶನ ನೆರವಿಗೆ ಬರುತ್ತದೆ. ಲೂಥರನು ಸುತ್ತಿಗೆ ಹಿಡಿದು ತನ್ನ ಸೂತ್ರಗಳನ್ನು ಚರ್ಚಿನ ಬಾಗಿಲಿಗೆ ಹೊಡೆಯುವ ಚಿತ್ರವನ್ನು ಜಗತ್ತೆಲ್ಲ ಬಲ್ಲದು. ಆದರೆ ಲೂಥರನು ತನ್ನ ಅಷ್ಟು ವಿಪುಲವಾದ ಬರಹದಲ್ಲಿ ಎಲ್ಲಿಯೂ ಅದನ್ನು ಹೇಳಿಲ್ಲ. ಅವನು ತೀರಿಕೊಂಡ ಮೇಲೆ ಅದನ್ನು ಬರೆದ ಮೆಲಾಂಕ್ಟನ್ ಆ ಊರಿಗೆ ಬಂದದ್ದೇ ೧೫೧೮ರಲ್ಲಿ. ೧೯೬೧ರಲ್ಲಿ ಎರ್ವಿನ್ ಇಸರ್‌ಲೋ ಎಂಬ ವಿದ್ವಾಂಸನು ಈ ಘಟನೆ ನಡೆದೇ ಇಲ್ಲವೆಂದು ವಾದಿಸಿದ; ಚರ್ಚೆ ಇಂದಿಗೂ ಮುಗಿದಿಲ್ಲ. ಹಳೆಯ ಮರದ ಬಾಗಿಲು ೧೭೬೦ರ ಯುದ್ಧದ ಬೆಂಕಿಯಲ್ಲಿ ಸುಟ್ಟುಹೋಯಿತು. ಈಗ ಯಾತ್ರಿಕರು ನೋಡುವುದು ೧೮೫೮ರಲ್ಲಿ ನಿಲ್ಲಿಸಿದ, ಸೂತ್ರಗಳನ್ನೆಲ್ಲ ಅಚ್ಚೊತ್ತಿದ ಕಂಚಿನ ಬಾಗಿಲನ್ನು. ಆದರೆ ೧೫೧೭ರ ಅಕ್ಟೋಬರ್ ೩೧ರಂದು ಲೂಥರನು ಮೈನ್ಸ್‌ನ ಆರ್ಚ್‌ಬಿಷಪನಿಗೆ ಬರೆದ ಪತ್ರ ಉಳಿದಿದೆ, ಸೂತ್ರಗಳೂ ಉಳಿದಿವೆ. ಬಾಗಿಲಿನ ಮಾತು ಸಂಶಯಕ್ಕೆ ಒಳಗಾದರೂ ಬರಹದ ಮಾತು ಸಂಶಯಾತೀತ.

ಕಲ್ಯಾಣದ ವಿಷಯದಲ್ಲಿಯೂ ಇದೇ ವಿವೇಕ ಸಲ್ಲಬೇಕು. ಮದುವೆ ನಡೆದ ದಿನ ವಾರಗಳು ನಮಗೆ ಸಿಗಲಾರವು. ಆದರೆ ಕುಲವನ್ನು ನಿರಾಕರಿಸುವ ವಚನಗಳಿವೆ. ಅವುಗಳನ್ನು ನಿಜವಾಗಿ ಬಾಳಲು ಹೊರಟ ಸಮುದಾಯ ಒಂದಲ್ಲ ಒಂದು ದಿನ ಮದುವೆಯ ಪ್ರಶ್ನೆಯನ್ನು ಎದುರಿಸಲೇಬೇಕಿತ್ತು. ಪಂಕ್ತಿಯಲ್ಲಿ ಜೊತೆಗೆ ಕುಳಿತು ಉಂಡವರು ಸಂಬಂಧ ಬೆಳೆಸುವಾಗ ಹಿಂಜರಿಯುವುದು ಇಂದಿಗೂ ಕಾಣದ ಸಂಗತಿಯಲ್ಲ. ಆ ಹಿಂಜರಿಕೆಯ ಎದೆಗೇ ಕೈಯಿಟ್ಟು ನಂತರದ ಕವಿಗಳು ಈ ಪ್ರಸಂಗವನ್ನು ಬೆಳೆಸಿದರು. ಚರಿತ್ರೆಯಾಗಿ ಅದನ್ನು ಎಚ್ಚರದಿಂದ ಸ್ವೀಕರಿಸಬೇಕು. ಕಲ್ಯಾಣದ ಆಶಯಕ್ಕೆ ಬರೆದ ವ್ಯಾಖ್ಯಾನವಾಗಿ ಅದು ಪೂರ್ಣಸತ್ಯ. ಅನುಭವಮಂಟಪದ ಚಿತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹರಿಹರನಲ್ಲಿ ಕಾಣದ ಆ ಮಹಾಗೋಷ್ಠಿ ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯಲ್ಲಿ ಭವ್ಯವಾಗಿ ಮೈದಾಳುತ್ತದೆ. ಚದರಿದ ವಚನಗಳನ್ನು ಸಂವಾದವಾಗಿ ಹೆಣೆದ ಶಿವಗಣಪ್ರಸಾದಿ ಮಹಾದೇವಯ್ಯನೇ ಮೊದಲಾದವರು ವಿಜಯನಗರದ ಕಾಲದಲ್ಲಿ ಕುಳಿತು, ಮುನ್ನೂರು ವರ್ಷ ಹಿಂದಿನ ಊರನ್ನು ಶಬ್ದದಲ್ಲಿ ಮರಳಿ ಕಟ್ಟಿದರು.

ಇದಕ್ಕೂ ಮೊದಲೇ, ಶರಣರ ಬಾಯಲ್ಲಿಯೇ ಕಲ್ಯಾಣವು ಬರಿಯ ಊರಾಗಿ ಉಳಿದಿರಲಿಲ್ಲ ಎಂಬುದು ಇನ್ನೂ ಮುಖ್ಯವಾದ ಸಂಗತಿ. ಅಕ್ಕಮಹಾದೇವಿಯ ವಚನವೊಂದರಲ್ಲಿ ಕಲ್ಯಾಣಕ್ಕೆ ಯಾರು ಹೊಗಬಲ್ಲರೆಂಬ ಪ್ರಶ್ನೆ ಬರುತ್ತದೆ. ಆಸೆಯನ್ನು ತೊರೆಯದವರು, ಒಳಗೂ ಹೊರಗೂ ಶುದ್ಧರಾಗದವರು ಆ ಕಡೆ ಹೆಜ್ಜೆಯಿಡಲಾರರೆಂಬುದು ಅದರ ತಾತ್ಪರ್ಯ. ಉಡುತಡಿಯಿಂದ ನಡೆದು ಬಂದ ಹೆಣ್ಣುಮಗಳಿಗೆ ದಾರಿಯ ದೂರ ತಿಳಿಯದೆ? ಕೋಟೆಯ ಬಾಗಿಲನ್ನು ದಾಟುವುದು ಕಷ್ಟವಲ್ಲ, ತನ್ನನ್ನು ದಾಟುವುದು ಕಷ್ಟವೆಂಬುದು ಅವಳ ಮಾತಿನ ಹುರುಳು. ಇಲ್ಲಿ ಊರು ಒಂದು ಸ್ಥಿತಿಯಾಗುತ್ತದೆ. ಸ್ಥಾವರ ಜಂಗಮಗಳನ್ನು ಕುರಿತ ಶರಣರ ವಿವೇಚನೆಯನ್ನು ಊರಿಗೇ ಅನ್ವಯಿಸಿದರೆ, ವಿಟೆನ್‌ಬರ್ಗ್ ಸ್ಥಾವರವಾಗಿ ಉಳಿಯಿತು, ಕಲ್ಯಾಣ ಜಂಗಮವಾಗಿ ಉಳಿಯಿತು ಎನ್ನಬಹುದು. ಉಳವಿಗೆ, ದೋರಸಮುದ್ರಕ್ಕೆ, ಹಂಪೆಗೆ, ಎಡೆಯೂರಿಗೆ ಅದು ನಡೆದುಹೋಯಿತು. ನಡೆದದ್ದರಿಂದಲೇ ಅಳಿಯಲಿಲ್ಲ.

ಈ ನಡಿಗೆಯಲ್ಲಿ ವಿಟೆನ್‌ಬರ್ಗಿನ ಪಾಲೂ ಉಂಟೆಂಬುದು ಕುತೂಹಲದ ವಿಷಯ. ಲೂಥರನ ನಾಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹರ್ಮನ್ ಮ್ಯೋಗ್ಲಿಂಗನು ೧೮೪೮ರಿಂದ ಮುಂದಿನ ಐದಾರು ವರ್ಷಗಳಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ಕನ್ನಡ ಗ್ರಂಥಮಾಲೆಯಲ್ಲಿ ಬಸವಪುರಾಣವೂ ಚೆನ್ನಬಸವಪುರಾಣವೂ ಸೇರಿದ್ದವು. ಅವನು ಬಂದದ್ದು ತನ್ನ ಮತವನ್ನು ಹರಡಲು. ಆದರೂ ಈ ನಾಡಿನ ಪುಸ್ತಕಗಳನ್ನು ಅಚ್ಚಿಗೆ ತರುವ ಶ್ರದ್ಧೆ ಅವನಿಗಿತ್ತು. ವಚನಗಳ ವಿಷಯದಲ್ಲಿ ಆ ಕೆಲಸವನ್ನು ಮಾಡಿದವರು ಬಿಜಾಪುರದ ಫ. ಗು. ಹಳಕಟ್ಟಿಯವರು. ಓಲೆಗರಿಗಳನ್ನು ಮನೆಮನೆಯಿಂದ ಕೂಡಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, ಮುಂದೆ ತಮ್ಮದೇ ಮುದ್ರಣಾಲಯವನ್ನು ಕಟ್ಟಿ, ಶಿವಾನುಭವ ಪತ್ರಿಕೆಯನ್ನು ನಡೆಸಿದರು. ವಿಟೆನ್‌ಬರ್ಗಿಗೆ ಒಂದೇ ತಲೆಮಾರಿನಲ್ಲಿ ಒದಗಿದ ಅಚ್ಚಿನ ಭಾಗ್ಯ ಕಲ್ಯಾಣಕ್ಕೆ ಒದಗಿದ್ದು ಏಳೂವರೆ ಶತಮಾನದ ಮೇಲೆ, ಒಬ್ಬ ವಕೀಲರ ಛಲದಿಂದ.

ಕೊನೆಯಲ್ಲಿ ಹೆಸರಿನ ಮಾತಿಗೆ ಮರಳೋಣ. ವಿಟೆನ್‌ಬರ್ಗಿಗೆ ಲೂಥರನ ಹೆಸರು ಅಧಿಕೃತವಾಗಿ ಸೇರಿದ್ದು ೧೯೩೮ರಲ್ಲಿ, ಹಿಟ್ಲರನ ಆಳ್ವಿಕೆಯಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಜರ್ಮನಿಯ ಉದ್ದಗಲಕ್ಕೂ ಯಹೂದ್ಯರ ಪ್ರಾರ್ಥನಾಮಂದಿರಗಳನ್ನು ಸುಟ್ಟರು. ೧೫೪೩ರಲ್ಲಿ ಲೂಥರನೇ ಯಹೂದ್ಯರ ವಿರುದ್ಧ ಬರೆದಿದ್ದ ವಿಷದ ಮಾತುಗಳನ್ನು ಆ ದುಷ್ಟರು ತಮ್ಮ ಸಮರ್ಥನೆಗೆ ಬಳಸಿಕೊಂಡರು. ಅವನು ಬೋಧಿಸಿದ ಊರ ಚರ್ಚಿನ ಗೋಡೆಯ ಮೇಲೆ ಯಹೂದ್ಯರನ್ನು ಹೀನಾಯವಾಗಿ ಅಣಕಿಸುವ ಹಳೆಯ ಶಿಲ್ಪವೊಂದಿದೆ. ಊರಿನವರು ೧೯೮೮ರಲ್ಲಿ ಅದರ ಕೆಳಗೆ ನೆಲದಲ್ಲಿ ಪಶ್ಚಾತ್ತಾಪದ ಸ್ಮಾರಕವನ್ನು ಹುಗಿದರು. ಶಿಲ್ಪವನ್ನು ತೆಗೆಯಬೇಕೆಂದು ಹೂಡಿದ ದಾವೆಯನ್ನು ೨೦೨೨ರಲ್ಲಿ ಆ ದೇಶದ ಉಚ್ಚ ನ್ಯಾಯಪೀಠ ತಳ್ಳಿಹಾಕಿತು. ಸುಧಾರಕನ ಹೆಸರನ್ನು ಊರಿಗೆ ಇಡುವುದರಿಂದ ಊರು ಸುಧಾರಿಸುವುದಿಲ್ಲವೆಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷಿ ಬೇಡ. ತಮ್ಮ ಗುರುವಿನ ದೋಷವನ್ನು ಅವನ ಊರಿನಲ್ಲಿಯೇ ಬರೆದಿಡುವ ಧೈರ್ಯವನ್ನು ಮುಂದಿನವರು ತೋರಿದರೆಂಬುದು ಆ ಊರಿನ ನಿಜವಾದ ಗೌರವ.

ನಮಗೂ ಇದರಲ್ಲಿ ಪಾಠವಿದೆ. ೨೦೨೧ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ನೂತನ ಅನುಭವಮಂಟಪಕ್ಕೆ ಶಿಲಾನ್ಯಾಸವಾಯಿತು; ೨೦೨೪ರ ಜನವರಿಯಲ್ಲಿ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಸರ್ಕಾರ ಘೋಷಿಸಿತು. ಇವು ಸಂತೋಷದ ಸಂಗತಿಗಳು. ಆದರೆ ಕಟ್ಟಡ ಎದ್ದಾಗ ಓದು ಕುಗ್ಗಬಾರದು. ಹರಿಹರನು ಮಂಗಳವಾಡವೆಂದರೆ ಮಂಗಳವಾಡವೆಂದೇ ಓದಬೇಕು. ಯಾವ ಕಥೆ ಯಾವ ಶತಮಾನದಲ್ಲಿ ಹುಟ್ಟಿತೆಂಬುದನ್ನು ಅಳುಕದೆ ಗುರುತಿಸಬೇಕು. ಅದರಿಂದ ಭಕ್ತಿಗೆ ಊನ ಬಾರದು. ಸುಳ್ಳಿನ ಊರೆಗೋಲಿಲ್ಲದೆ ನಿಲ್ಲಬಲ್ಲಷ್ಟು ಶಕ್ತಿ ವಚನಗಳಿಗೆ ಉಂಟು.

ಹಾಸನದಿಂದಲೋ ಅರಕಲಗೂಡಿನಿಂದಲೋ ಬಸವಕಲ್ಯಾಣಕ್ಕೆ ಹೋಗಿಬರುವುದು ದೂರದ ಪ್ರಯಾಣವೇ ಸರಿ. ಹೋಗಲಾಗದವರು ಕೊರಗಬೇಕಾಗಿಲ್ಲ. ಹೊಳೆನರಸೀಪುರದ ಮನೆಯೊಂದರಲ್ಲಿ, ಚನ್ನರಾಯಪಟ್ಟಣದ ಶಾಲೆಯೊಂದರಲ್ಲಿ ವಚನವೊಂದನ್ನು ಅರ್ಥವರಿತು ಓದಿ, ಓದಿದಂತೆ ಪಕ್ಕದವನನ್ನು ಸಮಾನನೆಂದು ಕಾಣುವುದಾದರೆ ಆ ಊರಿಗೆ ಅಷ್ಟರ ಮಟ್ಟಿಗೆ ಕಲ್ಯಾಣ ಬಂದಂತೆ. ದೋರಸಮುದ್ರದ ಕರಣಿಕನು ಎಂಟುನೂರು ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ಆ ಕೆಲಸವನ್ನು ಆರಂಭಿಸಿದ್ದ.